ಮನೆಯ ಮಾತು, ಮಕ್ಕಳ ಛಲ

ಶಾಲೆಗಳ ಬಾಗಿಲು ತೆರೆಯುವ ಜೂನ್ ತಿಂಗಳು ಬಂತೆಂದರೆ ನಮ್ಮ ಜಿಲ್ಲೆಯ ಮನೆಮನೆಗಳಲ್ಲೂ ಒಂದೇ ಗಡಿಬಿಡಿ. ಹೊಸ ಕೊಡೆ, ಹೊಸ ಚೀಲ, ಪುಸ್ತಕಗಳಿಗೆ ಹೊದಿಕೆ, ಸಮವಸ್ತ್ರದ ಅಳತೆ, ಎಲ್ಲವೂ ಸಾಲ ಮಾಡಿಯಾದರೂ ಸಿದ್ಧವಾಗುತ್ತವೆ. ಆದರೆ ಯಾವ ಅಂಗಡಿಯಲ್ಲೂ ದೊರೆಯದ ಒಂದು ವಸ್ತುವಿನ ಬಗ್ಗೆ ಯೋಚಿಸುವವರು ವಿರಳ. ಕಲಿಯಬೇಕು, ಹಿಡಿದ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಬೇಕು, ನಿನ್ನೆಗಿಂತ ಇಂದು ಒಂದು ಹೆಜ್ಜೆ ಮುಂದಿರಬೇಕು ಎಂಬ ಛಲವೇ ಆ ವಸ್ತು. ಅದು ಚೀಲದಲ್ಲಿ ಬರುವುದಿಲ್ಲ, ಮನೆಯಲ್ಲಿ ಮೊಳೆಯಬೇಕು.

ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಅಧ್ಯಾಪಕರ ಪಾಠ ಕೇಳಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬ ಎಡವಿದಲ್ಲಿಂದ ಎದ್ದು ಮುನ್ನಡೆಯುತ್ತಾನೆ. ಇನ್ನೊಬ್ಬ ಎಡವಿದಲ್ಲೇ ಕುಳಿತುಬಿಡುತ್ತಾನೆ. ಕಾರಣ ಕೇಳಿದರೆ ಬುದ್ಧಿ ಎನ್ನುವವರುಂಟು, ಹಣೆಬರಹ ಎನ್ನುವವರುಂಟು, ಶಾಲೆ ಸರಿಯಿಲ್ಲ ಎನ್ನುವವರಂತೂ ಬಹಳ ಮಂದಿ. ಬುದ್ಧಿಗೂ ಶಾಲೆಗೂ ಅವುಗಳದೇ ಪಾಲು ಇದ್ದೇ ಇದೆ. ಆದರೆ ಮಗು ಉಣ್ಣುವ, ಮಲಗುವ, ಹಿರಿಯರ ಮಾತುಕತೆಗೆ ಕಿವಿಗೊಡುವ ಮನೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಈ ಪ್ರಶ್ನೆ ಇಂದು ಹಿಂದಿಗಿಂತ ಹೆಚ್ಚು ಮುಖ್ಯವಾಗಿದೆ. ಕೇರಳದಲ್ಲಿ 2005ರಲ್ಲಿ ಎಸ್.ಎಸ್.ಎಲ್.ಸಿ.ಗೆ ಅಂಕಗಳ ಬದಲು ಗ್ರೇಡ್ ಪದ್ಧತಿ ಬಂತು. 2024ರ ಪರೀಕ್ಷೆಯಲ್ಲಿ ಶೇಕಡಾ 99.69 ಮಂದಿ ತೇರ್ಗಡೆಯಾದರು. ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರೇ 71,831 ಮಂದಿ. ತೇರ್ಗಡೆಯೆಂಬುದು ಈಗ ಸಾಧನೆಯ ಗುರುತಾಗಿ ಉಳಿದಿಲ್ಲ. ಬೀದಿ ಬದಿಯಲ್ಲಿ ಫೋಟೋ ಸಹಿತ ಅಭಿನಂದನಾ ಫಲಕ ಏರಿದ ಮಕ್ಕಳಲ್ಲೂ ಎಷ್ಟೋ ಮಂದಿ ಪ್ಲಸ್ ಟುವಿನಲ್ಲಿ, ಕಾಲೇಜಿನಲ್ಲಿ, ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸೋಲು ಕಂಡೊಡನೆ ಕಂಗೆಡುತ್ತಾರೆ. ಯಾರೂ ಬೆನ್ನಟ್ಟದಿದ್ದಾಗಲೂ ದುಡಿಯುವ ಮನಸ್ಸು ಇದೆಯೇ ಇಲ್ಲವೇ ಎಂಬುದು ಅಲ್ಲಿ ತಿಳಿಯುತ್ತದೆ.

ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ನೇತೃತ್ವದಲ್ಲಿ ಒಂದು ಭಾರಿ ಸಮೀಕ್ಷೆಯ ವರದಿ ಪ್ರಕಟವಾಯಿತು. ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ ಆ ಸಮೀಕ್ಷೆಯ ಉದ್ದೇಶ ಶಾಲೆ ಶಾಲೆಗಳ ನಡುವಣ ಅಸಮಾನತೆಯನ್ನು ಅಳೆಯುವುದಾಗಿತ್ತು. ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳ ವ್ಯತ್ಯಾಸವೇ ಮಕ್ಕಳ ಕಲಿಕೆಯ ವ್ಯತ್ಯಾಸಕ್ಕೆ ಕಾರಣವೆಂದು ಎಲ್ಲರೂ ನಂಬಿದ್ದರು. ವರದಿ ಹೇಳಿದ್ದೇ ಬೇರೆ. ಶಾಲೆಗಳ ನಡುವಣ ಅಂತರಕ್ಕಿಂತ ಮನೆಗಳ ನಡುವಣ ಅಂತರವೇ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆಂದು ಅದು ತೋರಿಸಿಕೊಟ್ಟಿತು. ವರದಿಯ ಬಗ್ಗೆ ವಾದವಿವಾದಗಳು ನಡೆದವು. ಆದರೆ ಮನೆಯನ್ನು ಬಿಟ್ಟು ಶಿಕ್ಷಣದ ಮಾತನಾಡುವುದು ಆ ಬಳಿಕ ಯಾರಿಗೂ ಸಾಧ್ಯವಾಗಲಿಲ್ಲ.

ಮನೆಯೊಳಗೆ ನಿಜವಾಗಿ ನಡೆಯುವುದೇನು? ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಮತ್ತು ಅವರ ಸಂಗಡಿಗರು ಈ ವಿಚಾರದಲ್ಲಿ ವರ್ಷಗಟ್ಟಲೆ ದುಡಿದವರು. ಸಾಧಿಸಬೇಕೆಂಬ ಹಂಬಲವುಳ್ಳವರು ತೀರಾ ಸುಲಭದ ಕೆಲಸವನ್ನೂ ಆರಿಸುವುದಿಲ್ಲ, ಕೈಗೆಟುಕದ ಕೆಲಸಕ್ಕೂ ಹಾರುವುದಿಲ್ಲ. ಶ್ರಮಪಟ್ಟರೆ ಗೆಲ್ಲಬಹುದಾದ, ಆದರೆ ಶ್ರಮವಿಲ್ಲದೆ ಗೆಲ್ಲಲಾಗದ ಗುರಿಯನ್ನೇ ಹಿಡಿಯುತ್ತಾರೆ ಎಂಬುದು ಅವರ ಕಾಣ್ಕೆ. ಇದೇ ಪರಂಪರೆಯ ಸಂಶೋಧಕಿ ಮೇರಿಯನ್ ವಿಂಟರ್‌ಬಾಟಮ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟರಿಂದ ಹತ್ತು ವರ್ಷದ ಹುಡುಗರ ತಾಯಂದಿರನ್ನು ಮಾತನಾಡಿಸಿದರು. ಹಂಬಲ ಹೆಚ್ಚಿದ್ದ ಹುಡುಗರ ತಾಯಂದಿರು ಮಗ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು, ಊರಿನ ದಾರಿ ತಿಳಿದಿರಬೇಕು, ತನ್ನ ಗೆಳೆಯರನ್ನು ತಾನೇ ಆರಿಸಿಕೊಳ್ಳಬೇಕು ಎಂದು ಬೇಗನೆ ನಿರೀಕ್ಷಿಸುತ್ತಿದ್ದರು. ಮಗ ಹಾಗೆ ಮಾಡಿದಾಗ ಅಪ್ಪಿ ಮುದ್ದಾಡಿ ಮೆಚ್ಚಿಕೊಳ್ಳುತ್ತಿದ್ದರು.

ಇನ್ನೂ ಸ್ವಾರಸ್ಯವಾದುದು ರೋಸೆನ್ ಮತ್ತು ಡಿ'ಆಂಡ್ರಾಡೆ ಎಂಬಿಬ್ಬರು ನಡೆಸಿ 1959ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಪ್ರಯೋಗದ ಸಾಮಗ್ರಿಗಳೊಂದಿಗೆ ಮನೆಗಳಿಗೇ ಹೋದರು. ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ಕೈಯಲ್ಲಿ ಅಂಕುಡೊಂಕಾದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದರು. ತಂದೆ ತಾಯಿ ಪಕ್ಕದಲ್ಲಿ ಕುಳಿತು ನೋಡಬಹುದು, ಮಾತನಾಡಬಹುದು; ಮುಟ್ಟುವಂತಿಲ್ಲ. ಹಂಬಲ ಹೆಚ್ಚಿದ್ದ ಹುಡುಗರ ತಂದೆ ತಾಯಿಯರು ಮಗ ಹೆಚ್ಚು ಎತ್ತರಕ್ಕೆ ಪೇರಿಸುವನೆಂದು ಮೊದಲೇ ನಿರೀಕ್ಷೆ ಇಟ್ಟರು, ಹುರಿದುಂಬಿಸಿದರು, ನಗುತ್ತಾ ಜತೆಗಿದ್ದರು. ಆದರೆ ತುಂಡನ್ನು ಎಲ್ಲಿಡಬೇಕೆಂಬ ತೀರ್ಮಾನವನ್ನು ಆ ತಂದೆಯರು ಮಗನಿಗೇ ಬಿಟ್ಟರು. ಹಂಬಲ ಕಡಿಮೆಯಿದ್ದ ಹುಡುಗರ ತಂದೆಯರಾದರೋ 'ಎಡಕ್ಕೆ ಇಡು, ಬಲಕ್ಕೆ ಇಡು' ಎಂಬ ರೀತಿಯಲ್ಲಿ ಹೆಜ್ಜೆ ಹೆಜ್ಜೆಗೂ ಆಜ್ಞಾಪಿಸಿದರು, ತಪ್ಪಿದಾಗ ಸಿಡುಕಿದರು.

ಇದನ್ನೋದುವಾಗ ನಮ್ಮ ಮನೆಗಳ ಚಾವಡಿ ಕಣ್ಣಮುಂದೆ ಬರದಿರದು. ಮಗ ಲೆಕ್ಕ ಬಿಡಿಸಲು ಕುಳಿತಾಗ ಪೆನ್ಸಿಲು ಕಿತ್ತುಕೊಂಡು ತಾನೇ ಬಿಡಿಸುವ ತಂದೆ, ಯೋಜನಾ ಪುಸ್ತಕದ ಚಿತ್ರವನ್ನು ರಾತ್ರಿ ಹತ್ತಕ್ಕೆ ತಾನೇ ಬರೆದು ಮುಗಿಸುವ ತಾಯಿ, ಹತ್ತನೇ ತರಗತಿಯ ಮಗ ಪೇಟೆಗೆ ಒಬ್ಬನೇ ಹೋಗಲು ಹೇಳಿದರೆ ಗಾಬರಿಯಾಗುವ ಅಜ್ಜಿ, ಇವರೆಲ್ಲರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಪ್ರೀತಿ ಮಗುವಿಗೆ ಮೌನವಾಗಿ ಹೇಳುವ ಮಾತು ಒಂದೇ: 'ನಿನ್ನಿಂದ ಆಗದು'. ಇದನ್ನು ಹತ್ತು ವರ್ಷ ಕೇಳಿದ ಮಗು ಹನ್ನೊಂದನೆಯ ವರ್ಷ ಅದನ್ನು ನಂಬದೆ ಇನ್ನೇನು ಮಾಡೀತು?

ಹಾಗೆಂದು ಮಗುವಿನ ತಲೆಯ ಮೇಲೆ ಹೊರೆ ಹೊರಿಸುವುದು ಸ್ವಾವಲಂಬನೆಯ ಶಿಕ್ಷಣವಲ್ಲ. ತನ್ನ ಭಾರ ಕಳೆಯಲೆಂದು ಮಗುವನ್ನು ಬೇಗನೆ ದುಡಿತಕ್ಕೆ ನೂಕುವುದಕ್ಕೂ, ಅದರ ಬೆಳವಣಿಗೆಗಾಗಿ ಜವಾಬ್ದಾರಿ ಕೊಡುವುದಕ್ಕೂ ಅಜಗಜಾಂತರ. ಮೊದಲನೆಯದು ಛಲವನ್ನು ಬೆಳೆಸುವುದಿಲ್ಲವೆಂದು ಮೆಕ್ಲೆಲೆಂಡರೇ ಎಚ್ಚರಿಸಿದ್ದರು. ಅಡಿಕೆ ತೋಟದ ಮನೆಯಲ್ಲಿ ಮಗನಿಗೆ 'ಹತ್ತು ಕೊಡ ನೀರು ಹೊತ್ತು ಹಾಕು' ಎನ್ನುವುದು ಬರಿಯ ಕೆಲಸ; 'ಈ ಹತ್ತು ಸಸಿಗಳು ನಿನ್ನವು, ಬದುಕಿಸುವ ಉಪಾಯ ನೀನೇ ನೋಡು' ಎನ್ನುವುದು ಜವಾಬ್ದಾರಿ. ಎರಡು ಸಸಿ ಸತ್ತರೂ ಎಂಟರ ಲೆಕ್ಕ ಅವನ ಮನಸ್ಸಿನಲ್ಲಿ ಉಳಿಯುತ್ತದೆ. ಬೀಡಿ ಕಟ್ಟುವ ತಾಯಿ ಮಗಳ ಕೈಗೂ ಎಲೆ ಕತ್ತರಿ ಕೊಡುವ ಬದಲು ವಾರದ ಕೂಲಿಯ ಲೆಕ್ಕವನ್ನು ಬರೆದಿಡಲು ಹೇಳಿದರೆ, ಮನೆಯ ಕಷ್ಟವೂ ಮಗಳಿಗೆ ತಿಳಿಯುತ್ತದೆ, ತನ್ನ ಕಲಿಕೆ ಮನೆಗೆ ಬೇಕಾದುದೆಂಬ ಹೆಮ್ಮೆಯೂ ಹುಟ್ಟುತ್ತದೆ.

ಹೆಣ್ಣುಮಕ್ಕಳ ವಿಚಾರದಲ್ಲಿ ಒಂದು ಮಾತು ಹೇಳದಿರುವಂತಿಲ್ಲ. ಮೇಲೆ ಹೇಳಿದ ಹಳೆಯ ಅಧ್ಯಯನಗಳೆರಡೂ ಹುಡುಗರನ್ನು ಕುರಿತವುಗಳೇ. ಸಾಧನೆ ಗಂಡಿನ ಸೊತ್ತೆಂಬ ಭಾವನೆ ಅಂದಿನ ಅಮೆರಿಕದಲ್ಲೂ ಇತ್ತು. ನಮ್ಮಲ್ಲಿ ಪರೀಕ್ಷೆಯ ದಿನ ಮಗನಿಗೆ ಓದುವ ಕೋಣೆಗೇ ಚಹಾ ಹೋಗುತ್ತದೆ. ಮಗಳು ಪಾತ್ರೆ ತೊಳೆದಿಟ್ಟು ಓದಲು ಕುಳಿತುಕೊಳ್ಳಬೇಕಾಗುತ್ತದೆ. ಇಷ್ಟಾದರೂ ಆಕೆ ಮುಂದೆ ಬರುತ್ತಿರುವುದು ಆಕೆಯ ಸ್ವಂತ ಛಲದಿಂದ. 'ಎಷ್ಟು ಓದಿದರೂ ಹೋಗಬೇಕಾದ ಮನೆ ಬೇರೆ' ಎಂಬ ಒಂದು ಮಾತು ಆ ಛಲದ ಬೇರಿಗೆ ಬಿಸಿನೀರೆರೆಯಲು ಸಾಕು.

ಇನ್ನು ಹೊಗಳಿಕೆಯ ವಿಚಾರ. ಹೊಗಳಿದರೆ ಮಕ್ಕಳು ಉಬ್ಬಿ ಹೋಗುತ್ತಾರೆಂದು ಹಿಂದಿನವರು ಬಾಯಿ ಬಿಗಿಹಿಡಿದರು. ಇಂದಿನವರು ಏಳುತ್ತ ಕೂರುತ್ತ ಹೊಗಳುತ್ತಾರೆ. ಎಷ್ಟು ಹೊಗಳಬೇಕು ಎಂಬುದಕ್ಕಿಂತಲೂ ಏನನ್ನು ಹೊಗಳಬೇಕು ಎಂಬುದು ಮುಖ್ಯವೆಂದು ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆಗಳನ್ನು ಕೊಟ್ಟು, ಬಿಡಿಸಿದ ಬಳಿಕ ಕೆಲವರಿಗೆ 'ನೀನು ಬುದ್ಧಿವಂತ' ಎಂದರು. ಇನ್ನು ಕೆಲವರಿಗೆ 'ನೀನು ಚೆನ್ನಾಗಿ ಶ್ರಮಿಸಿದೆ' ಎಂದರು. ಮುಂದೆ ಯಾವ ಬಗೆಯ ಸಮಸ್ಯೆ ಬೇಕೆಂದು ಕೇಳಿದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಬುದ್ಧಿವಂತಿಕೆಗೆ ಕುಂದು ಬಾರದಂಥವನ್ನು ಆರಿಸಿದರು. ಶ್ರಮಿಗಳೆನಿಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕಷ್ಟವಾದರೂ ಹೊಸತನ್ನು ಕಲಿಸುವಂಥವನ್ನು ಆರಿಸಿದರು. ಬಳಿಕ ಎಲ್ಲರಿಗೂ ಕಠಿಣ ಸಮಸ್ಯೆ ಕೊಟ್ಟು ಸೋಲಿಸಿದಾಗ ಮೊದಲ ಗುಂಪು ಕುಗ್ಗಿತು. ತಮಗೆ ಬಂದ ಅಂಕವನ್ನು ಇತರ ಮಕ್ಕಳಿಗೆ ತಿಳಿಸಲು ಹೇಳಿದಾಗ ಸುಳ್ಳು ಹೇಳಿದವರೂ ಆ ಗುಂಪಿನಲ್ಲೇ ಹೆಚ್ಚು.

ಬುದ್ಧಿವಂತನೆಂಬ ಬಿರುದು ಪಡೆದ ಮಗುವಿಗೆ ಸೋಲೆಂದರೆ ಬಿರುದು ಕಳೆದುಕೊಳ್ಳುವುದು. ಶ್ರಮಕ್ಕೆ ಮೆಚ್ಚುಗೆ ಪಡೆದ ಮಗುವಿಗೆ ಸೋಲೆಂದರೆ ಇನ್ನಷ್ಟು ಶ್ರಮ ಬೇಕೆಂಬ ಸೂಚನೆ. ವ್ಯತ್ಯಾಸ ಮನೆಯವರಾಡಿದ ಒಂದು ವಾಕ್ಯದ್ದು. ನಮ್ಮೂರ ಯಕ್ಷಗಾನದ ಗುರುಗಳಿಗೆ ಈ ಮರ್ಮ ಹಿಂದಿನಿಂದಲೂ ಗೊತ್ತು. ಶಾಲೆಯಲ್ಲಿ 'ದಡ್ಡ'ನೆನಿಸಿಕೊಂಡ ಹುಡುಗ ತಾಳ ತಪ್ಪುತ್ತಾ, ತಿದ್ದಿಸಿಕೊಳ್ಳುತ್ತಾ, ಒಂದು ಮಳೆಗಾಲದಲ್ಲಿ ಇಡೀ ಪ್ರಸಂಗದ ಪದ್ಯಗಳನ್ನು ಬಾಯಿಪಾಠ ಮಾಡಿ ರಂಗಸ್ಥಳದಲ್ಲಿ ಅರ್ಥ ಹೇಳುವುದುಂಟು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದೇನೂ ಹೊಸ ಸಂಗತಿಯಲ್ಲ. ಅಲ್ಲಿ ತಪ್ಪು ಮಾಡುವುದು ಅವಮಾನವಲ್ಲ, ಅಭ್ಯಾಸದ ಭಾಗ. ಪುಸ್ತಕದ ವಿಚಾರದಲ್ಲಿ ಆ ತಾಳ್ಮೆ ನಮಗೇಕೆ ಬಾರದು?

ಆಮಿಷದ ಬಗ್ಗೆಯೂ ಎಚ್ಚರ ಬೇಕು. 'ಎ ಪ್ಲಸ್ ಬಂದರೆ ಮೊಬೈಲು, ಬಾರದಿದ್ದರೆ ನೋಡಿಕೋ' ಎಂಬ ವ್ಯಾಪಾರ ಇಂದು ಮನೆಮಾತಾಗಿದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ 'ಬರೆದರೆ ಪ್ರಶಸ್ತಿಪತ್ರ' ಎಂದು ಮೊದಲೇ ಹೇಳಿದರು. ಪ್ರಶಸ್ತಿ ಪಡೆದ ಆ ಮಕ್ಕಳು ವಾರ ಕಳೆದ ಬಳಿಕ, ಪ್ರಶಸ್ತಿಯ ಮಾತನ್ನೇ ಕೇಳದಿದ್ದ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುವುದರಲ್ಲಿ ಕಳೆದರು. ಪ್ರೀತಿಯಿಂದ ಮಾಡುತ್ತಿದ್ದುದು ಕೂಲಿಯ ಕೆಲಸವಾಯಿತು. ಮಗು ಗೆದ್ದಾಗ ಸಂತೋಷದಿಂದ ಕೊಡುವ ಉಡುಗೊರೆಯನ್ನು ಯಾರೂ ಆಕ್ಷೇಪಿಸರು. ಓದಿಗೆ ಮುಂಗಡ ಬೆಲೆ ಕಟ್ಟುವುದೇ ಅಪಾಯ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪಾರ್ಥಕ್ಕೆ ಎಡೆಗೊಡಬಾರದು. ಮನಸ್ಸಿದ್ದರೆ ಸಾಕು, ಬಡತನ ಲೆಕ್ಕಕ್ಕಿಲ್ಲ ಎಂಬ ಉಪದೇಶ ಹೊಟ್ಟೆ ತುಂಬಿದವರದು. ಎದುರಿನ ಸಿಹಿಯನ್ನು ತಿನ್ನದೆ ಕಾಯಬಲ್ಲ ಮಗು ಮುಂದೆ ಗೆಲ್ಲುತ್ತದೆಂಬ ಒಂದು ಪ್ರಯೋಗ ಬಹಳ ಪ್ರಸಿದ್ಧವಾಗಿತ್ತು. 2018ರಲ್ಲಿ ಹೆಚ್ಚಿನ ಮಕ್ಕಳನ್ನು ಸೇರಿಸಿ ಮತ್ತೆ ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದರೆ ಆ ಸಂಬಂಧ ಬಹಳ ಮಟ್ಟಿಗೆ ಕರಗುತ್ತದೆಂದು ತಿಳಿಯಿತು. ನಾಳೆ ಸಿಗುವುದೆಂಬ ಭರವಸೆಯಿಲ್ಲದ ಮನೆಯ ಮಗು ಇಂದೇ ತಿಂದರೆ ಅದು ದೌರ್ಬಲ್ಯವಲ್ಲ, ಅನುಭವ. ಹಾಗೆಯೇ 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಲ್ಲಿ, ಬುದ್ಧಿ ಶ್ರಮದಿಂದ ಬೆಳೆಯುತ್ತದೆಂಬ ನಂಬಿಕೆಯನ್ನು ಚುಟುಕು ಪಾಠದ ಮೂಲಕ ಮೂಡಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಹಿಂದುಳಿದ ಮಕ್ಕಳ ಗ್ರೇಡ್ ಏರಿತು ನಿಜ. ಆದರೆ ಏರಿದ್ದು ಅತ್ಯಲ್ಪ. ಸುತ್ತಲಿನ ಗೆಳೆಯರ ಬಳಗವೂ ಅದೇ ಭಾವನೆಯನ್ನು ಬೆಂಬಲಿಸಿದ ಶಾಲೆಗಳಲ್ಲಿ ಫಲ ಹೆಚ್ಚಿತ್ತು. ಬೀಜ ಒಳ್ಳೆಯದಾದರೆ ಸಾಲದು, ನೆಲವೂ ಹದವಾಗಿರಬೇಕೆಂಬುದು ಇದರ ತಾತ್ಪರ್ಯ.

ಇಲ್ಲಿಗೆ ಬಂದಾಗ ಗಡಿನಾಡಿನ ಕನ್ನಡಿಗರಾದ ನಮ್ಮ ಸ್ವಂತ ಪ್ರಶ್ನೆ ಎದುರಾಗುತ್ತದೆ. ಕೋಲ್ಮನ್ ವರದಿಯಲ್ಲಿ ಇನ್ನೊಂದು ಮಾತಿತ್ತು. ತನ್ನ ಬದುಕು ತನ್ನ ಕೈಯಲ್ಲಿದೆ ಎಂದು ಮಗು ಎಷ್ಟರಮಟ್ಟಿಗೆ ನಂಬುತ್ತದೆ ಎಂಬುದಕ್ಕೂ ಅದರ ಕಲಿಕೆಗೂ ಇರುವ ನಂಟು, ಶಾಲೆಯ ಎಲ್ಲ ಅಂಶಗಳಿಗಿಂತ ಗಾಢವಾದುದೆಂದು ಅದು ಹೇಳಿತು. ಅಲ್ಲಿನ ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಹೆಚ್ಚಿನವುಗಳ ಮಕ್ಕಳಲ್ಲಿ ಆ ನಂಬಿಕೆ ಕುಗ್ಗಿತ್ತು. ನಂಬಿಕೆಯಿದ್ದ ಮಕ್ಕಳು ಮಾತ್ರ ಗಮನಾರ್ಹವಾಗಿ ಮುಂದಿದ್ದರು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಅನ್ನದ ಜತೆ ಬಡಿಸಲಾಗುವ ಮಾತು ಯಾವುದು? 'ನಮಗೆ ಇಲ್ಲಿ ಯಾರು ಕೆಲಸ ಕೊಡುತ್ತಾರೆ? ಅಲ್ಲಿಗೆ ಹೋದರೆ ಕೇರಳದವರೆನ್ನುತ್ತಾರೆ, ಇಲ್ಲಿ ಕನ್ನಡದವರೆನ್ನುತ್ತಾರೆ.' ಈ ಮಾತಿನಲ್ಲಿ ಸತ್ಯವಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿಯೂ ಅದು ಕಾಗದದಲ್ಲೇ ಉಳಿಯಿತು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ ವಿರುದ್ಧ ಮಕ್ಕಳೂ ಹೆತ್ತವರೂ ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ಈ ಅನ್ಯಾಯವನ್ನು ಈ ಪುಟದಲ್ಲಿ ಖಂಡಿಸುತ್ತಲೇ ಬಂದಿದ್ದೇವೆ, ಮುಂದೆಯೂ ಖಂಡಿಸುತ್ತೇವೆ. ಪಾಠವೇ ಅರ್ಥವಾಗದ ಮಗುವಿನ ಮುಂದೆ ಛಲದ ಬೋಧನೆ ವ್ಯರ್ಥ. ಕನ್ನಡ ಬಲ್ಲ ಅಧ್ಯಾಪಕರನ್ನೂ ಸಕಾಲದಲ್ಲಿ ಕನ್ನಡ ಪಠ್ಯಪುಸ್ತಕಗಳನ್ನೂ ಒದಗಿಸುವುದು ಸರಕಾರದ ಕರ್ತವ್ಯ, ಔದಾರ್ಯವಲ್ಲ.

ಆದರೆ ಅನ್ಯಾಯವನ್ನು ಸಭೆಯಲ್ಲಿ ಹೇಳುವುದು ಬೇರೆ, ಅದನ್ನು ಮಗುವಿನ ಜಾತಕವೆಂಬಂತೆ ಮನೆಯಲ್ಲಿ ಓದುವುದು ಬೇರೆ. ಹಿರಿಯರು ನಿಟ್ಟುಸಿರಿನೊಂದಿಗೆ ಆಡಿದ ಮಾತು ಅವರಿಗೆ ರಾಜಕೀಯ. ಕೇಳುವ ಹತ್ತು ವರ್ಷದ ಮಗುವಿಗೆ ಅದು ತೀರ್ಪು. ದುಡಿದರೂ ಅಷ್ಟೇ, ದುಡಿಯದಿದ್ದರೂ ಅಷ್ಟೇ ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ. ಇದೇ ಹತಾಶೆ ಇನ್ನೊಂದು ವೇಷದಲ್ಲೂ ಬರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುವ, ಬೀದಿಯಲ್ಲಿ ಮಲಯಾಳ ಕಲಿಯುವ, ಶಾಲೆಯಲ್ಲಿ ಕನ್ನಡ ಓದುವ ಸಪ್ತಭಾಷಾ ಸಂಗಮ ಭೂಮಿಯ ಮಗುವಿಗೆ ಇಷ್ಟು ಭಾಷೆಗಳು ಕೈವಶವಾಗಿರುವುದು ಸಂಪತ್ತೆಂದು ಯಾರೂ ಹೇಳುವುದಿಲ್ಲ. 'ಕನ್ನಡ ಕಲಿತು ಏನು ಮಾಡುತ್ತೀ' ಎಂದು ಕೇಳುವವರೇ ಎಲ್ಲರೂ. ತನ್ನ ಮನೆಯ ನುಡಿಯೇ ಕೀಳೆಂದು ನಂಬಿದ ಮಗು ತನ್ನ ಸಾಮರ್ಥ್ಯವನ್ನು ಮೇಲೆಂದು ನಂಬುವುದು ಹೇಗೆ?

ನೋವನ್ನೂ ಛಲವನ್ನೂ ಒಟ್ಟಿಗೆ ಹೊತ್ತು ನಡೆದವರು ನಮ್ಮಲ್ಲೇ ಇದ್ದರು. 1915ರಿಂದ 2015ರವರೆಗೆ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡಿನ ಅನ್ಯಾಯವನ್ನು ಕೊನೆಯವರೆಗೂ ಮರೆಯಲಿಲ್ಲ. ಆದರೆ ಮರೆಯದಿರುವುದೆಂದರೆ ಕೈಕಟ್ಟಿ ಕೂರುವುದೆಂದು ಅವರು ತಿಳಿಯಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದರು, ಗದ್ದೆ ತೋಟಗಳಲ್ಲಿ ದುಡಿದರು, ಕವಿತೆ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಪದವಿಯನ್ನು ಪೂರೈಸಲಾಗದೆ ಊರಿಗೆ ಮರಳಿದವರು. ಮನೆಯಲ್ಲೇ ಕುಳಿತು ಹತ್ತಾರು ಭಾಷೆಗಳನ್ನು ಕಲಿತು ರಾಷ್ಟ್ರಕವಿಯೆನಿಸಿದರು. ಮಕ್ಕಳಿಗೆ ನಮ್ಮ ಸೋಲಿನ ಕಥೆ ಹೇಳುವಾಗ ಈ ಕಥೆಗಳನ್ನೂ ಜತೆಗೆ ಹೇಳೋಣ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯಿರುವಂತೆ 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯೂ ನಮ್ಮಲ್ಲಿದೆ. ಯಾವುದು ಮನೆಯಲ್ಲಿ ಹೆಚ್ಚು ಬಾರಿ ಕೇಳಿಬರುತ್ತದೆ ಎಂಬುದರ ಮೇಲೆ ಮಗುವಿನ ಮನೋಧರ್ಮ ನಿಂತಿದೆ.

ಮನೋಧರ್ಮವನ್ನು ಬದಲಿಸಬಹುದೇ ಎಂದು ಸಂಶಯಿಸುವವರಿಗೆ ನಮ್ಮ ದೇಶದಲ್ಲೇ ನಡೆದ ಉದಾಹರಣೆಯಿದೆ. 1960ರ ದಶಕದಲ್ಲಿ ಮೆಕ್ಲೆಲೆಂಡರ ತಂಡ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲವನ್ನು ಬೆಳೆಸುವ ತರಬೇತಿ ನೀಡಿತು. ಬಳಿಕ ನೋಡಿದಾಗ ತರಬೇತಿ ಪಡೆದವರು ವ್ಯವಹಾರದಲ್ಲಿ ಹೆಚ್ಚು ಚುರುಕಾಗಿದ್ದರು. ಆದರೆ ಈ ಫಲ ಚೆನ್ನಾಗಿ ಕಂಡುಬಂದದ್ದು ತಮ್ಮ ಅಂಗಡಿ ಕಾರ್ಖಾನೆಗಳಲ್ಲಿ ತೀರ್ಮಾನ ಕೈಗೊಳ್ಳುವ ಅಧಿಕಾರವಿದ್ದವರಲ್ಲಿ. ಮಕ್ಕಳಿಗೂ ಇದೇ ನ್ಯಾಯ. ಯಾವ ವಿಚಾರದಲ್ಲೂ ತೀರ್ಮಾನಿಸುವ ಅವಕಾಶವಿಲ್ಲದವನಿಗೆ ಹಂಬಲವನ್ನು ಉಪದೇಶಿಸುವುದು ಗದ್ದೆಯಿಲ್ಲದವನಿಗೆ ಬಿತ್ತನೆಬೀಜ ಕೊಟ್ಟಂತೆ.

ಆದುದರಿಂದ ಈ ವರ್ಷ ಶಾಲೆ ತೆರೆಯುವ ಹೊತ್ತಿಗೆ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಪ್ರತಿಯೊಂದು ಮಗುವಿಗೂ ಮನೆಯಲ್ಲಿ ಅದರದೇ ಎನ್ನಬಹುದಾದ ಒಂದು ಜವಾಬ್ದಾರಿ ಕೊಡಿ. ತಪ್ಪಿದರೆ ತಪ್ಪಲಿ, ಕಿತ್ತುಕೊಳ್ಳಬೇಡಿ. ಸಂಜೆ 'ಎಷ್ಟು ಮಾರ್ಕು' ಎಂದು ಕೇಳುವ ಮೊದಲು 'ಇಂದು ಕಷ್ಟವಾದದ್ದು ಯಾವುದು' ಎಂದು ಕೇಳಿ. ನೆರೆಮನೆಯ ಮಗುವಿನೊಂದಿಗೆ ಹೋಲಿಸುವ ಬದಲು ಕಳೆದ ವರ್ಷದ ಅದೇ ಮಗುವಿನೊಂದಿಗೆ ಹೋಲಿಸಿ. ಓದು ಬಾರದ ಹೆತ್ತವರು ಅಳುಕಬೇಕಾಗಿಲ್ಲ. ಕಲಿತ ಪಾಠವನ್ನು ಮಗುವಿನ ಬಾಯಿಂದಲೇ ಕೇಳುವ ತಾಯಿ ಯಾವ ಟ್ಯೂಶನಿಗೂ ಕಡಿಮೆಯಲ್ಲ. ರಕ್ಷಕ ಶಿಕ್ಷಕ ಸಂಘದ ಸಭೆಗೆ ಒಂದು ದಿನದ ಕೂಲಿ ಹೋದರೂ ಹೋಗಿ ಕುಳಿತುಕೊಳ್ಳಿ; ಕನ್ನಡ ಅಧ್ಯಾಪಕರಿಲ್ಲದಿದ್ದರೆ ಅಲ್ಲೇ ಎದ್ದು ನಿಂತು ಕೇಳಿ. ಹಕ್ಕು ಕೇಳುವ ತಂದೆ ತಾಯಿಯನ್ನು ಕಂಡ ಮಗುವಿಗೆ ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಗಡಿಯ ರೇಖೆಯನ್ನು ಎಳೆಯುವಾಗ ಯಾರೂ ನಮ್ಮನ್ನು ಕೇಳಲಿಲ್ಲ. ನಮ್ಮ ಮಕ್ಕಳ ಮನಸ್ಸಿನಲ್ಲಿ ಎಳೆಯುವ ರೇಖೆಯಾದರೋ ನಮ್ಮ ಕೈಯಲ್ಲೇ ಇದೆ. 'ಇಷ್ಟೇ' ಎಂಬ ಗೆರೆಯನ್ನು ಅಲ್ಲಿ ನಾವು ಎಳೆಯದಿರೋಣ.